ಶಾಯಿ ಹಚ್ಚುವ ಕೈ

ಮಿಂಚು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ ಎಂದು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಅದು ನನಗೆ ಮನದಟ್ಟಾದದ್ದು ಮಾತ್ರ ಮಹಾಕೂಟದಲ್ಲಿ. ಬಾದಾಮಿ ಸೀಮೆಯ ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದ ದಿನಗಳವು. ಬೆಟ್ಟದ ಹಾದಿಯಿಂದ ಇಳಿಯುತ್ತಿದ್ದೆ. ಕೆಳಗೆ ಚಾಲುಕ್ಯರ ಗುಡಿಗಳ ಮುಂದೆ ಕರಡಿಮಜಲಿನ ಮೇಳ ನಿಂತಿತ್ತು. ಕೋಲು ಚರ್ಮದ ಮೇಲೆ ಬೀಳುವುದು ಕಾಣುತ್ತಿತ್ತು. ನಾದ ಅರೆಕ್ಷಣ ತಡವಾಗಿ ಬಂದು ಎದೆಗೆ ತಾಗುತ್ತಿತ್ತು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆಯಷ್ಟೆ.

ಅದೇ ಮೇಳದ ಸನಾದಿ ಬಿಸಿಲೇರಿದಂತೆ ತನ್ನ ಶ್ರುತಿಯನ್ನು ತುಸು ಏರಿಸಿಕೊಳ್ಳುತ್ತದೆ. ಕಾದ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಕೊಳವೆಯೊಳಗಣ ಗಾಳಿ 20 ಡಿಗ್ರಿಯಿಂದ 40ಕ್ಕೆ ಏರಿದರೆ ಸ್ವರವೂ ಶೇಕಡಾ ಮೂರರಷ್ಟು ಏರುತ್ತದೆ. ಹಾರ್ಮೋನಿಯಂನ ಹಿತ್ತಾಳೆಯ ನಾಲಗೆಗಳಿಗೆ ಈ ಬಿಸಿ ಅಷ್ಟಾಗಿ ತಟ್ಟದು. ನಮ್ಮ ಕಡೆಯ ಬೇಸಿಗೆಯ ಮದುವೆಗಳಲ್ಲಿ ಇವೆರಡೂ ಜಗಳವಾಡುವುದೇಕೆಂದು ಇದರಿಂದ ತಿಳಿಯುತ್ತದೆ!

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಚರ್ಮವಾದ್ಯ. ತಂತಿಯನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ವೇಗದ ಕಂಪನಗಳೂ ಹುಟ್ಟುತ್ತವೆ. ಆದ್ದರಿಂದಲೇ ಅದು ಕಿವಿಗೆ ಇಂಪು. ಬರಿಯ ಚರ್ಮ ಹಾಗಲ್ಲ. ಅದರ ಎರಡನೆಯ ಕಂಪನ ಮೂಲದ 1.59ರಷ್ಟು, ಮೂರನೆಯದು 2.14ರಷ್ಟು. ಒಂದಕ್ಕೊಂದು ಹೊಂದದ ಇವು ಸದ್ದಾಗುತ್ತವೆ, ಸ್ವರವಾಗುವುದಿಲ್ಲ. ಬಲಗೈ ತಬಲಾದ ನಡುವೆ ಕಪ್ಪು ಶಾಯಿ ಕೂತೊಡನೆ ಲೆಕ್ಕ ಬದಲಾಗುತ್ತದೆ. ಮೂಲ ಕಂಪನದಲ್ಲಿ ಅತಿ ಹೆಚ್ಚು ಏರಿಳಿಯುವುದು ಚರ್ಮದ ನಡುಭಾಗವೇ. ಆದ್ದರಿಂದ ಅಲ್ಲಿಟ್ಟ ಭಾರ ಅದನ್ನೇ ಹೆಚ್ಚು ನಿಧಾನಗೊಳಿಸುತ್ತದೆ. ನಡುವನ್ನು ಬಿಟ್ಟು ಅಂಚಿನತ್ತ ಕುಣಿಯುವ ಕಂಪನಗಳು ಅಷ್ಟಾಗಿ ಕುಗ್ಗುವುದಿಲ್ಲ. ಹೀಗೆ 1.59 ಎಂಬುದು ಎರಡಾಗುತ್ತದೆ, 2.14 ಮೂರರತ್ತ ಸರಿಯುತ್ತದೆ. ಇದನ್ನು ಲೋಕಕ್ಕೆ ತಿಳಿಸಿದವರು ಸರ್ ಸಿ. ವಿ. ರಾಮನ್: ಮೊದಲು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಅನಂತರ 1934ರಲ್ಲಿ ಬೆಂಗಳೂರಿನಿಂದ ಇನ್ನೂ ವಿಸ್ತಾರವಾಗಿ.

ರಾಮನ್ನರ ಹೆಸರನ್ನೂ ಕೇಳದ ಹಿರಿಯರೊಬ್ಬರು ನಮ್ಮ ಗಾನವೃಂದದ ತಬಲಾಕ್ಕೆ ಶಾಯಿ ಹಚ್ಚಿಕೊಡುತ್ತಿದ್ದರು. ಹುನಗುಂದದ ಕಡೆಯವರು. ಅನ್ನದ ಅಂಟಿಗೆ ಕಬ್ಬಿಣದ ಪುಡಿ ಬೆರೆಸಿ, ತೆಳುವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ, ಒಣಗಲು ಬಿಟ್ಟು ಮತ್ತೆ ಹಚ್ಚುವರು. ನಡುನಡುವೆ ಬೆರಳಿನಿಂದ ತಟ್ಟಿ ಆಲಿಸುವರು. ನಾನು ವಿವರ ಕೇಳಿದಾಗ, "ಫಾದರ್, ಭಾರ ಹೆಚ್ಚಾದ್ರ ದನಿ ಕುಂದತೈತಿ, ಕಡಿಮ್ಯಾದ್ರ ಬರೇ ಚರ್ಮ ಕೂಗತೈತಿ" ಎಂದಿದ್ದರು. ಗುರುಮಠದಲ್ಲಿ ನಾನು ಓದಿದ ಭೌತಶಾಸ್ತ್ರ ಇಷ್ಟು ಚಿಕ್ಕದಾಗಿ ಯಾವುದನ್ನೂ ಹೇಳಿದ್ದಿಲ್ಲ.

ಮತ್ತೊಂದು ಮಾತನ್ನೂ ಅವರು ಹೇಳಿದ್ದುಂಟು. ಅವರ ತಂದೆ ಚರ್ಮ ಬಿಗಿದ ವಾದ್ಯ ಗುಡಿಯೊಳಗೆ ಹೋಗುತ್ತಿತ್ತು. ತಂದೆ ಹೊಸ್ತಿಲಿನಾಚೆ ನಿಂತು ಕೇಳುತ್ತಿದ್ದರು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಹದಿನೆಂಟು ತೋಳಿನ ನಟರಾಜನ ಬದಿಯಲ್ಲೇ ವಾದ್ಯಗಾರನನ್ನು ಕೆತ್ತಿದ್ದಾರೆ. ಕಲ್ಲಿನ ವಾದ್ಯಗಾರನಿಗೆ ಸಿಕ್ಕ ಜಾಗ ಜೀವಂತ ಮನುಷ್ಯನಿಗೆ ಸಿಗಲಿಲ್ಲವಲ್ಲ! ನಮ್ಮ ದೇವಾಲಯಗಳಲ್ಲಿಯೂ ತಬಲಾ ಬಹುಕಾಲ ಹೊರಗೇ ಇದ್ದಿತು. ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲಿ ಯೋಗ್ಯ ಸ್ಥಾನ ಕೊಡಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿದ್ದು 1963ರಲ್ಲಿ.

ಈಗ ಬಹುತೇಕ ಗಾನವೃಂದಗಳಲ್ಲಿ ಕೀಬೋರ್ಡ್ ಇದೆ. ಗುಂಡಿ ಒತ್ತಿದರೆ ತಬಲಾ ನುಡಿಯುತ್ತದೆ, ಬಿಸಿಲಿಗೂ ಮಳೆಗೂ ಜಗ್ಗದು. ಅದನ್ನು ಬೇಡವೆನ್ನುವವನು ನಾನಲ್ಲ. ಮಕ್ಕಳು ಅದರಿಂದಲೇ ಹಾಡಲು ಕಲಿಯುತ್ತಾರೆ. ಆದರೆ ಆ ಹಿರಿಯರ ಇಬ್ಬರು ಗಂಡುಮಕ್ಕಳೂ ಗೋವೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಶಾಯಿ ಹಚ್ಚುವುದು ಇಬ್ಬರಿಗೂ ಬಾರದು. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಇಬ್ಬರು ಹುಡುಗರನ್ನು ಅವರ ಬಳಿಗೆ ಕಳುಹಿಸಿದೆ. ಒಬ್ಬನು ಮೂರನೆಯ ದಿನವೇ ಬಿಟ್ಟುಬಂದನು. ಇನ್ನೊಬ್ಬನು ಹಚ್ಚಿದ ಶಾಯಿ ಎರಡು ಸಲ ಬಿರುಕುಬಿಟ್ಟಿತು. ಮುದುಕರು ಅದನ್ನು ಕೆರೆದುಹಾಕಿ, ತಟ್ಟೆಯಲ್ಲಿ ಮತ್ತೆ ಅನ್ನ ಕಲಸಿ ಅವನ ಮುಂದಿಟ್ಟರಂತೆ.