ಮಳಿಗೆಯ ಸ್ಥಳ, ನೆಲದ ಲೆಕ್ಕ

ಹೊಸದಾಗಿ ಅಂಗಡಿಯಿಡಲು ಹೊರಟ ವರ್ತಕನು ಮೊದಲು ನೋಡುವುದು ಸ್ಥಳವನ್ನು. ಎದುರಿನ ರಸ್ತೆಯಲ್ಲಿ ಜನಸಂಚಾರವೆಷ್ಟು, ನೆರೆಯ ಮಳಿಗೆಯವರು ಮಾರುವುದೇನು, ಬಾಡಿಗೆ ಕಳೆದು ಕೈಯಲ್ಲಿ ಉಳಿಯುವುದೆಷ್ಟು ಎಂಬಿವು ಅವನ ಪ್ರಶ್ನೆಗಳು. ಆ ಗಿರಾಕಿಗಳು ಅಲ್ಲಿ ನೆಲೆಸಿದ ಬಗೆ ಹೇಗೆ ಎಂದು ವಿಚಾರಿಸುವವರು ವಿರಳ. ಅಮೆರಿಕದ ಮಿಸ್ಸೂರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿರುವ ಕಂಟ್ರಿ ಕ್ಲಬ್ ಪ್ಲಾಜಾವನ್ನು ಈ ಎಲ್ಲ ಪ್ರಶ್ನೆಗಳಿಂದಲೂ ಪರೀಕ್ಷಿಸಬಹುದು.

ನಗರಮಧ್ಯದಿಂದ ದಕ್ಷಿಣಕ್ಕೆ ಕೆಲವು ಮೈಲಿ ದೂರದಲ್ಲಿ, ಬ್ರಶ್ ಕ್ರೀಕ್ ಎಂಬ ಹಳ್ಳದ ದಡದಲ್ಲಿ ಈ ಪೇಟೆಯಿದೆ. ಭೂವ್ಯವಹಾರಿ ಜೆ. ಸಿ. ನಿಕೊಲ್ಸ್ ಅವರು 1922ರಲ್ಲಿ ಯೋಜನೆಯನ್ನು ಪ್ರಕಟಿಸಿದರು. ಮರುವರ್ಷ ಮಳಿಗೆಗಳು ತೆರೆದವು. ಕುದುರೆಗಾಡಿಯ ಕಾಲ ಮುಗಿದು ಕಾರಿನ ಕಾಲ ಬಂದುದನ್ನು ಅವರು ಬೇಗನೆ ಅರಿತಿದ್ದರು. ಆದ್ದರಿಂದ ಕಾರಿನಲ್ಲಿ ಬರುವ ಗಿರಾಕಿಯನ್ನೇ ಉದ್ದೇಶಿಸಿ, ಸ್ಪೇನ್ ದೇಶದ ಸೆವಿಲ್ ನಗರವನ್ನು ನೆನಪಿಸುವ ಗೋಪುರ, ಹೆಂಚು, ಕಾರಂಜಿಗಳೊಡನೆ ಬಯಲು ಪೇಟೆಯನ್ನು ಕಟ್ಟಿಸಿದರು. ಇದು ಒಂದೇ ಸೂರಿನಡಿಯ ಮಾಲ್ ಅಲ್ಲ. ಒಳಗಿನ ಹಜಾರಗಳನ್ನು ತಂಪಾಗಿಡುವ ವೆಚ್ಚ ಇಲ್ಲಿಲ್ಲ. ಆದರೆ ಚಳಿಗಾಲದ ಹಿಮಗಾಳಿಗೆ ಗಿರಾಕಿ ಮನೆಯಲ್ಲೇ ಉಳಿದರೆ ಆ ನಷ್ಟ ಅಂಗಡಿಯವನದೇ.

ಬಾಡಿಗೆಯ ವಿಷಯದಲ್ಲಿ ಮಾತ್ರ ತುಸು ನಿಲ್ಲಬೇಕು. ಮಾರಾಟದ ಮೇಲೆ ಶೇಕಡಾವಾರು ಬಾಡಿಗೆ ಪಡೆಯುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ನಿಕೊಲ್ಸ್ ಪ್ರಮುಖರು. ಉದಾಹರಣೆಗೆ, ವರ್ಷದ ಮೂಲ ಬಾಡಿಗೆ 60,000 ಡಾಲರ್, ದರ ಶೇಕಡಾ 6 ಎಂದಿಟ್ಟುಕೊಳ್ಳೋಣ. ಮಾರಾಟವು 10 ಲಕ್ಷ ಡಾಲರ್ ದಾಟುವವರೆಗೆ ಮೂಲ ಬಾಡಿಗೆಯೇ ಸಾಕು. 12 ಲಕ್ಷವಾದರೆ ಹೆಚ್ಚುವರಿ 2 ಲಕ್ಷದ ಮೇಲೆ 12,000 ಡಾಲರ್ ಕೊಡಬೇಕು. ನೆಲದ ಒಡೆಯನು ಒಂದು ಬಗೆಯ ಪಾಲುದಾರನೇ ಆಗುತ್ತಾನೆ. ಪೇಟೆಗೆ ಜನ ಬರುವಂತೆ ಮಾಡುವುದರಲ್ಲಿ ಅವನಿಗೂ ಹಿತವಿದೆ. ಈ ಪದ್ಧತಿ ಒಳ್ಳೆಯದೇ. ಆದರೆ ಲೆಕ್ಕದ ಪುಸ್ತಕ ತೆರೆದಿಡಬೇಕಾದುದು ಬಾಡಿಗೆದಾರ. ನಗದು ಮಾರಾಟದ ಒಂದು ಪುಟವನ್ನು ಬಚ್ಚಿಟ್ಟರೂ ಅದು ಹಿರಿಯರು ಕೂಟಲೇಖವೆಂದು ಹೆಸರಿಸಿದ ದೋಷವೇ ಆಗುತ್ತದೆ. ಬಾಡಿಗೆ ದುಬಾರಿಯಾಯಿತೆಂಬ ಕಾರಣ ಅದನ್ನು ತೊಳೆಯಲಾರದು.

ಹಳ್ಳದ ದಡವೆಂಬುದನ್ನೂ ಮರೆಯುವಂತಿಲ್ಲ. 1977ರ ಸೆಪ್ಟೆಂಬರ್ 12ರ ರಾತ್ರಿ ಬ್ರಶ್ ಕ್ರೀಕ್ ಉಕ್ಕಿ ಪ್ಲಾಜಾದ ಮಳಿಗೆಗಳಿಗೆ ನುಗ್ಗಿತು. ಆ ಪ್ರವಾಹದಲ್ಲಿ ನಗರದಲ್ಲಿ 25 ಮಂದಿ ಅಸುನೀಗಿದರು. ಪ್ರವಾಹದ ಗೆರೆ ಎಲ್ಲಿಯವರೆಗೆ ಬಂದಿತ್ತೆಂದು ಕೇಳದೆ ನೆಲಮಾಳಿಗೆಯಲ್ಲಿ ಸರಕು ತುಂಬುವುದು ಅವಿವೇಕ.

ಇನ್ನು ಗಿರಾಕಿಗಳ ಪ್ರಶ್ನೆ. ಪ್ಲಾಜಾಕ್ಕೆ ಆಧಾರವಾಗಿದ್ದುದು ಅದರ ಸುತ್ತ ನಿಕೊಲ್ಸ್ ಅವರೇ ಬೆಳೆಸಿದ ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್ ಎಂಬ ವಿಶಾಲ ಬಡಾವಣೆ. ಹಸಿರು ಬೀದಿ, ಅಂದದ ಮನೆ, ಕೈಯಲ್ಲಿ ಹಣವಿರುವ ಕುಟುಂಬ: ವರ್ತಕನಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಅಲ್ಲಿನ ನಿವೇಶನಗಳಿಗೆ ಕಪ್ಪು ಜನರು ಕೊಳ್ಳಬಾರದು, ವಾಸಿಸಬಾರದು ಎಂಬ ಕರಾರು ಅಂಟಿಕೊಂಡಿತ್ತು, ಯೆಹೂದಿಗಳನ್ನೂ ದೂರವಿಡಲಾಗುತ್ತಿತ್ತು. ಅವಧಿ ಮುಗಿದರೂ ತಾನಾಗಿಯೇ ಮುಂದುವರಿಯುವಂತೆ ಆ ಕರಾರನ್ನು ಬರೆಯಲಾಗಿತ್ತು. ಅಂಥ ಕರಾರನ್ನು ನ್ಯಾಯಾಲಯಗಳು ಜಾರಿಮಾಡಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು 1948ರಲ್ಲಿ. ವಸತಿಯಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾನೂನು ಬಂದುದು 1968ರಲ್ಲಿ. ಪ್ಲಾಜಾದ ಪೂರ್ವಕ್ಕೆ ಎರಡು ಮೈಲಿಯೊಳಗೇ ಇರುವ ಟ್ರೂಸ್ಟ್ ರಸ್ತೆಯು ದಶಕಗಳ ಕಾಲ ಕಪ್ಪು-ಬಿಳಿಯರ ನಡುವಣ ಗಡಿಯಾಗಿಯೇ ಉಳಿಯಿತು.

ಆ ಕರಾರಿಗೆ ಸಹಿ ಹಾಕಿದವನು ಅಂಗಡಿಯವನಲ್ಲ, ನಿಜ. ಅವನು ಎಲ್ಲರಿಗೂ ಒಂದೇ ತೂಕದಲ್ಲಿ ಮಾರಿರಲೂಬಹುದು. ಆದರೂ ಒಳ್ಳೆಯ ನೆರೆಯೆಂದು ಅವನು ಹೆಚ್ಚು ಬಾಡಿಗೆ ತೆತ್ತಾಗ, ಆ ಹೆಚ್ಚಿನ ಬೆಲೆಯ ಒಂದಂಶವು ಇನ್ನೊಬ್ಬರನ್ನು ಹೊರಗಿಟ್ಟುದರಿಂದಲೇ ಹುಟ್ಟಿದ್ದಿತು. ಲಾಭ-ನಷ್ಟದ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರುವುದಿಲ್ಲ.

2020ರಲ್ಲಿ ನಗರದ ಉದ್ಯಾನ ಮಂಡಳಿಯು ಅಲ್ಲಿನ ಕಾರಂಜಿಗೂ ರಸ್ತೆಗೂ ಇದ್ದ ನಿಕೊಲ್ಸ್ ಹೆಸರನ್ನು ತೆಗೆಯಿತು. ಇತ್ತ ಪೇಟೆಯೂ ಸೊರಗಿತು. 2016ರಲ್ಲಿ 66 ಕೋಟಿ ಡಾಲರಿಗೆ ಕೊಂಡವರು 29.5 ಕೋಟಿಯ ಸಾಲ ತೀರಿಸಲಾರದೆ 2023ರಲ್ಲಿ ಕೈಚೆಲ್ಲಿದರು. 2024ರಲ್ಲಿ ಅದು ಹೊಸ ಒಡೆಯರ ಪಾಲಾಯಿತು. ಈಗ ಅಲ್ಲಿ ಮಳಿಗೆ ಹಿಡಿಯಲು ಹೋಗುವವನು ಖಾಲಿ ಕಿಟಕಿಗಳನ್ನು ಎಣಿಸುತ್ತಾನೆ, ಕರಾರಿನ ಶೇಕಡಾವಾರು ದರವನ್ನು ಓದುತ್ತಾನೆ. ಅದೇ ಮಧ್ಯಾಹ್ನ ಟ್ರೂಸ್ಟ್ ರಸ್ತೆಯವರೆಗೂ ಹೋಗಿಬರಲು ಅವನಿಗೆ ಕಾರಿನಲ್ಲಿ ಹತ್ತು ನಿಮಿಷವೂ ಬೇಕಾಗದು.