ರೊಟ್ಟಿ ಮ್ಯಾಲೆ ಏನಿಡೋಣು?

ರೋಣ, ನರಗುಂದ, ಗಜೇಂದ್ರಗಡದ ಕಡೆ ಹೊಲದಲ್ಲಿ ಬುತ್ತಿ ಬಿಚ್ಚಿದವರು ತಾಟು ಕೇಳುವುದಿಲ್ಲ. ಎಡಗೈ ಮೇಲೆ ರೊಟ್ಟಿ, ರೊಟ್ಟಿ ಮೇಲೆ ಪಲ್ಯ, ಪಲ್ಯದ ಬದಿಗೆ ಹಿಂಡಿ, ಹಿಂಡಿ ಮೇಲೆ ಒಂದಿಷ್ಟು ಎಣ್ಣೆ. ಅಂಚಿನಿಂದ ಮುರಿಯುತ್ತ ಬಂದರೆ ಕೊನೆಗೆ ತಾಟೂ ಹೊಟ್ಟೆ ಸೇರಿರುತ್ತದೆ, ತೊಳೆಯುವ ಕೆಲಸವೇ ಇಲ್ಲ. ಮೆಕ್ಸಿಕೋದವರು ಗೋವಿನಜೋಳದ ತೆಳ್ಳನೆಯ ರೊಟ್ಟಿಯನ್ನು ಗರಿಗರಿ ಮಾಡಿ, ಮೇಲೆ ಕಾಳು, ಸೊಪ್ಪು, ಖಾರ ಹೇರಿ ಟೊಸ್ಟಾಡಾ ಎನ್ನುತ್ತಾರೆ. ಒಳಗೆ ಪಲ್ಯವಿಟ್ಟು ಬೀಡಿಯಂತೆ ಸುತ್ತಿ ಕರಿದರೆ ಅದು ಟಾಕಿಟೊ. ಮೊಬೈಲಿನಲ್ಲಿ ಅದನ್ನು ನೋಡಿದ ನರಗುಂದದ ಗೆಳತಿ ಮೂಗು ಮುರಿದಳು: “ಇದೇನ್ ಹೊಸಾದ್ಲೇ? ಸಾಲಿಗೆ ಹೋಗೋವಾಗ ನಮ್ಮವ್ವ ಬಿಸಿ ರೊಟ್ಟಿಗೆ ಬೆಣ್ಣಿ, ಹಿಂಡಿ ಸವರಿ ಸುತ್ತಿ ಕೈಯಾಗ ಕೊಡ್ತಿದ್ಲಲ್ಲ!”

ಮೂಗು ಮುರಿದವಳೇ ಮುಂದಿನ ರವಿವಾರ ಪರಾತ ಹಿಡಿದು ಕೂತಿದ್ದಳು. ಅಂದಿನಿಂದ ನಮ್ಮ ರೊಟ್ಟಿಯಲ್ಲೇ ಟೊಸ್ಟಾಡಾ, ಟಾಕಿಟೊ ಮಾಡುವುದು ನಮ್ಮ ಗುಂಪಿಗೊಂದು ಚಟ. ಒಮ್ಮೆ ರೋಣದಲ್ಲಿ, ಒಮ್ಮೆ ನರಗುಂದದಲ್ಲಿ, ಹೆಚ್ಚಾಗಿ ಗಜೇಂದ್ರಗಡದ ನಮ್ಮ ಮನೆಯಲ್ಲಿ. ಇಲ್ಲಿ ಹಿತ್ತಲಲ್ಲಿ ಇನ್ನೂ ಕಟ್ಟಿಗೆ ಒಲೆ ಇದೆ, ಅಷ್ಟೇ ಕಾರಣ. ಗ್ಯಾಸಿನ ಮೇಲೆ ರೊಟ್ಟಿ ಬೇಯುತ್ತದೆ, ಖಡಕ್ ಆಗುವುದಕ್ಕೆ ಮಾತ್ರ ಕೆಂಡದ ಪಕ್ಕದ ಬಿಸಿಯೇ ಬೇಕು.

ಕೆಲಸದ ಅರ್ಧ ಸುಖ ಹಿಟ್ಟಿನಲ್ಲಿದೆ. ಜೋಳಕ್ಕೂ ಗೋವಿನಜೋಳಕ್ಕೂ ಗೋಧಿಯ ಅಂಟಿಲ್ಲ, ಸುಮ್ಮನೆ ನೀರು ಹಾಕಿ ಕಲಸಿದರೆ ತಟ್ಟುವಾಗ ಬಿರಿಯುತ್ತದೆ. ಮೆಕ್ಸಿಕೋದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು ಅರೆಯುತ್ತಾರೆ. ಸುಣ್ಣ ಅಲ್ಲಿ ಹಿಡಿತ ಕೊಡುತ್ತದೆ. ನಮ್ಮಲ್ಲಿ ಆ ಕೆಲಸ ಕುದಿಯುವ ಎಸರಿನದು. ಹಿಟ್ಟಿನ ನಡುವೆ ಕುಣಿ ಮಾಡಿ ಎಸರು ಸುರುವಿ, ಕೈ ಸುಟ್ಟರೂ ಬಿಡದೆ ಅಂಗೈಯ ಬುಡದಿಂದ ನಾದಿದರೆ ಜಿಗಿ ಬರುತ್ತದೆ. ಎರೆಹೊಲದಲ್ಲಿ ಹಿಂಗಾರಿಗೆ ಬೆಳೆದ ಬಿಳಿಜೋಳ, ಅದರಲ್ಲೂ ಮಾಲದಂಡಿ ಇದ್ದರೆ ಕೆಲಸ ಹಗುರ. ಬೀಸಿಸಿ ಬಹಳ ದಿನವಾದ ಹಿಟ್ಟಿಗೆ ಯಾವ ಎಸರೂ ಜಿಗಿ ತರಲಾರದು. ರೋಣದ ಗೆಳತಿ ಹಿಟ್ಟನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿ, “ಇದು ಹಳೇದೈತಿ, ಅಂಬಲಿಗೆ ಇಡು” ಅಂದರೆ ಮುಗಿಯಿತು, ಮೇಲ್ಮನವಿ ಇಲ್ಲ.

ದೊಡ್ಡ ರೊಟ್ಟಿ ಬಡಿಯುವ ಕೈಗೆ ಟೊಸ್ಟಾಡಾದ ಅಂಗೈಯಗಲದ ರೊಟ್ಟಿ ಕಷ್ಟ. ಬಡಿತದ ಓಟ ಹತ್ತುವಷ್ಟರಲ್ಲಿ ರೊಟ್ಟಿ ಮುಗಿದಿರುತ್ತದೆ. ಇನ್ನೊಂದು ಪೇಚು: ರೊಟ್ಟಿ ಉಬ್ಬಿದರೆ ಮನೆಯವರಿಗೆ ಹಿಗ್ಗು, ನಮಗೆ ಇಲ್ಲಿ ಉಬ್ಬಲೇಬಾರದು. ಉಬ್ಬಿದ್ದು ಒಣಗಿದರೆ ಎರಡು ಪದರವಾಗಿ, ಮೇಲಿಟ್ಟ ಪಲ್ಯದ ಭಾರಕ್ಕೆ ಕುಸಿಯುತ್ತದೆ. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿದ ಮೇಲೆ ಒಣ ಅರಿವೆಯ ಉಂಡೆಯಿಂದ ಒತ್ತುತ್ತಲೇ ಇರಬೇಕು. ಆಮೇಲೆ ಒಲೆಯ ಸುತ್ತ ನಿಲ್ಲಿಸಿದರೆ ಹರಟೆ ಹೊಡೆಯುವಷ್ಟು ಹೊತ್ತಿನಲ್ಲಿ ಖಡಕ್. ಸಜ್ಜಿ ಹಿಟ್ಟಾದರೆ ನೀರು ಸವರಿದ ಮೈಗೆ ಎಳ್ಳು ಒತ್ತುತ್ತೇವೆ. ಸಂಕ್ರಾಂತಿಯ ಸಜ್ಜಿ ರೊಟ್ಟಿಯ ರುಚಿ ಅಂಗೈಯಗಲದಲ್ಲೂ ಸಿಗುತ್ತದೆ.

ಟಾಕಿಟೊ ಸುರುಳಿಯ ಲೆಕ್ಕವೇ ಬೇರೆ. ಜೋಳದ ರೊಟ್ಟಿ ಆರಿತೋ, ಸುತ್ತಿದರೆ ಬಿರಿಯುತ್ತದೆ. ಹಂಚಿನಿಂದ ಇಳಿದ ಉಸಿರಿನಲ್ಲೇ ಪಲ್ಯವಿಟ್ಟು ಸುತ್ತಿ, ಜೋಡಣೆಯ ಅಂಚು ಕೆಳಗೆ ಮಾಡಿ, ಶೇಂಗಾ ಎಣ್ಣೆ ಸವರಿದ ಹಂಚಿನ ಮೇಲೆ ಉರುಳಿಸಬೇಕು. ಒಬ್ಬಳು ಬೇಯಿಸಬೇಕು, ಒಬ್ಬಳು ತುಂಬಬೇಕು, ಒಬ್ಬಳು ಸುತ್ತಬೇಕು. ಒಬ್ಬರೇ ಮಾಡಿದರೆ ಯಾವುದಾದರೂ ಒಂದು ತಣ್ಣಗಾಗಿಯೇ ಆಗುತ್ತದೆ. ಒಳಗೆ ರಸದ ಪಲ್ಯ ನಡೆಯದು. ಉದುರುದುರಾದ ಜುಣಕ ಅತ್ಯುತ್ತಮ, ಒಗ್ಗರಣೆ ಹಾಕಿದ ಮೊಳಕೆ ಹೆಸರುಕಾಳು ಅದರ ನಂತರ. ಗದಗ ಜಿಲ್ಲೆಯಲ್ಲಿ ಹೆಸರಿಗೇನು ಬರ!

ಇನ್ನು ಖಡಕ್ ರೊಟ್ಟಿಯ ಮೇಲೆ ಏನಿಡಬೇಕೆಂಬ ಜಗಳ. ಮೊದಲು ಎಣ್ಣೆಯಲ್ಲಿ ಕಲಸಿದ ಹಿಂಡಿ ಎಂಬುದು ಮಾತ್ರ ಎಲ್ಲರೂ ಒಪ್ಪಿದ ಮಾತು. ಶೇಂಗಾ, ಗುರೆಳ್ಳು, ಅಗಸಿ, ಯಾವುದೇ ಇರಲಿ, ಎಣ್ಣೆಯ ಆ ಪದರ ತೇವವನ್ನು ಕೆಳಗೆ ಬಿಡುವುದಿಲ್ಲ. ಅದರ ಮೇಲೆ ಬದನೆಕಾಯಿ ಎಣ್ಣೆಗಾಯಿ ಹಿಸುಕಿದ್ದು, ಅಥವಾ ಪುಂಡಿಪಲ್ಯ. ಮೇಲೆ ಹಸಿ ಉಳ್ಳಾಗಡ್ಡಿ, ಎಳೇ ಮೆಂತ್ಯ, ಮೂಲಂಗಿಯ ತುರಿ. ಮೊಸರು ಕಟ್ಟಕಡೆಗೆ, ಅದೂ ಅರಿವೆಯಲ್ಲಿ ಕಟ್ಟಿ ನೀರಿಳಿಸಿದ್ದು. ಚಳಿಗಾಲದಲ್ಲಿ ಜೋಳದ ಹೊಲದಲ್ಲಿ ತಾನೇ ಹುಟ್ಟುವ ಹಕ್ಕರಕಿ ಸಿಕ್ಕರೆ ಉಳಿದೆಲ್ಲ ಸೊಪ್ಪಿಗೂ ಅಂದು ರಜೆ. ಅದರ ಸಣ್ಣ ಕಹಿ ಶೇಂಗಾ ಹಿಂಡಿಯ ಜೊತೆ ಎಷ್ಟು ಒಗ್ಗುತ್ತದೆಂದು ತಿಂದವರಿಗೇ ಗೊತ್ತು. ಕೆಂಪು ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಧಾರಾಳ, ಉರಿ ಹದ.

ಬೆಂಗಳೂರಿನಿಂದ ಬಂದ ಒಬ್ಬರು ಚೀಸ್ ತಂದಿದ್ದರು. ಹಾಕಿದೆವು, ತಿಂದೆವು, ಬೈಯಲಿಲ್ಲ. ನನ್ನ ತೀರ್ಪು ಮಾತ್ರ ಅದರ ವಿರುದ್ಧ: ಅದು ಜೋಳದ ರುಚಿಯ ಬಾಯಿ ಮುಚ್ಚಿಸುತ್ತದೆ. ಬೆಣ್ಣೆ ಹಾಗಲ್ಲ, ಜೋಳವನ್ನು ಮಾತಾಡಿಸುತ್ತದೆ. ಕರಿಂಡಿಯ ಪಾಲು ಬೇರೆಯೇ. ಅಗಸಿ ಪುಡಿ, ಸಾಸಿವೆ, ಹಸಿಮೆಣಸು, ತರಕಾರಿ ಕೂಡಿ ಹುಳಿ ಬಂದ ಈ ವ್ಯಂಜನ ನಮ್ಮ ಜಿಲ್ಲೆಯ ಡಂಬಳದ ರೊಟ್ಟಿ ಜಾತ್ರೆಯಲ್ಲಿ ರೊಟ್ಟಿಯ ಜೊತೆಗೇ ಹೆಸರಾದದ್ದು. ತೋಂಟದಾರ್ಯ ಮಠದ ಆ ಜಾತ್ರೆಯಲ್ಲಿ ಜಾತಿ, ಮತ ಕೇಳದೆ ಎಲ್ಲರೂ ರೊಟ್ಟಿ, ಪಲ್ಯ, ಕರಿಂಡಿ ಉಣ್ಣುತ್ತಾರೆ. ಒಂದು ಚಮಚ ಕರಿಂಡಿ ಬಿದ್ದರೆ ಟೊಸ್ಟಾಡಾ ಊರಿನ ಮಗಳಾಗಿಬಿಡುತ್ತದೆ.

ಗೆಳತಿಯರ ಜೊತೆ ರೊಟ್ಟಿ ಹಂಚಿ ತಿನ್ನುವುದು ನಾವು ಕಂಡುಹಿಡಿದದ್ದೇನಲ್ಲ. ಶ್ರಾವಣದಲ್ಲಿ ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬಕ್ಕೆ ದಿನಗಟ್ಟಲೆ ಮೊದಲೇ ರೊಟ್ಟಿ ಬಡಿದು ಬುಟ್ಟಿ ತುಂಬಿಡುತ್ತಾರೆ. ಆ ದಿನ ನಮ್ಮ ಮನೆಯ ರೊಟ್ಟಿ, ಪಲ್ಯ, ಹಿಂಡಿ ಆಚೆಮನೆಗೆ, ಅವರದು ನಮ್ಮನೆಗೆ. ಹತ್ತು ಮನೆಯ ಪಲ್ಯ ಒಂದೇ ರೊಟ್ಟಿಯ ಮೇಲೆ ಸೇರುತ್ತಿದ್ದುದು ಆಗಲೇ. ಯಾರ ಮನೆಯ ಕಾಳುಪಲ್ಯಕ್ಕೆ ಉಪ್ಪು ಹೆಚ್ಚು, ಯಾರ ರೊಟ್ಟಿ ತೆಳು ಎಂಬ ವಿಮರ್ಶೆಯೂ ಅಂದೇ. ಈಗ ಖಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಬೆಂಗಳೂರಿಗೂ ಹೋಗುತ್ತದೆ. ಅದನ್ನು ಬಡಿದು ಸಂಸಾರ ನಡೆಸುವ ಹೆಂಗಸರು ಈ ಕಡೆ ಬಹಳ ಇದ್ದಾರೆ, ಅವರ ಕೈಯ ತೆಳುವಿಗೆ ನಮ್ಮದು ಸಮವಲ್ಲ.

ನೀವೂ ಮಾಡುವುದಾದರೆ ಪ್ಯಾಕೆಟ್ ರೊಟ್ಟಿಯಿಂದಲೇ ಶುರು ಮಾಡಿ, ಸಂಕೋಚ ಬೇಡ. ಹಿಂಡಿ ಮಾತ್ರ ಮನೆಯಲ್ಲೇ ಕುಟ್ಟಿ. ಮೊಸರು ಹಾಕಿದ ಮೇಲೆ ಫೋಟೊ ತೆಗೆಯುತ್ತ ನಿಲ್ಲಬೇಡಿ, ರೊಟ್ಟಿ ಕಾಯುವುದಿಲ್ಲ. ಮತ್ತೆ, ತಿನ್ನಲು ನಾಲ್ಕು ಮಂದಿಯಾದರೂ ಕೂಡದಿದ್ದರೆ ಒಲೆ ಹೊತ್ತಿಸಲೇಬೇಡಿ.