ಅಪ್ಪನ ಎಕ್ಕಡ

1978ರ ದೀಪಾವಳಿ. ನಮ್ಮ ಹುಲ್ಲಹಳ್ಳಿ ಕೇರಿಯ ಮೂರು ಮನೆಯೋರು ಲಾರಿ ಹತ್ತಿ ಮಾದಪ್ಪನ ಬೆಟ್ಟಕ್ಕೆ ಹೊರಟೆವು. ನಂಜನಗೂಡು, ನರಸೀಪುರ, ಕೊಳ್ಳೇಗಾಲ, ಹನೂರು ದಾಟುವಷ್ಟರಲ್ಲಿ ಅವ್ವ ಕಟ್ಟಿದ್ದ ರೊಟ್ಟಿ ಮುಗಿದಿತ್ತು.

ದಾರೀಲಿ ಒಂದು ಟೀ ಅಂಗಡಿ. ಅಪ್ಪ ತಾನೇ ಹೊಲಿದ ಎಕ್ಕಡ ಕಳಚಿ ಕೈಲಿ ಹಿಡಿದು ದೂರ ನಿಂತ. "ಬುದ್ಧಿ, ಟೀ ಕೊಡಿ" ಅಂದ. "ಯಾವ ಜನ?" ಅಂತ ಕೇಳಿ ಅಂಗಡಿಯವನು ತೆಂಗಿನ ಚಿಪ್ಪಿಗೆ ಹುಯ್ದ. ಗಾಜಿನ ಲೋಟಗಳು ಸಾಲಾಗಿ ಬೋರಲು ಕೂತಿದ್ದವು. ಅಸ್ಪೃಶ್ಯತೆ ಅಪರಾಧ ಅಂತ 1955ರಲ್ಲಿ ಕಾನೂನು ಬಂದು ಆಗಲೇ 23 ವರ್ಷ.

ತಾಳಬೆಟ್ಟ ದಾಟಿ ಲಾರಿ ತಿರುವು ಹತ್ತುವಾಗ ದೇವರಗುಡ್ಡರಜ್ಜ ಕಂಸಾಳೆ ಹಿಡಿದು ಕತೆ ತೆಗೆದ. ದೇವತೆಗಳನ್ನೇ ಸೆರೆಯಿಟ್ಟವನು ಶ್ರವಣ ದೊರೆ. ಅವನನ್ನು ಮುಗಿಸೋಕೆ ಮಾದಪ್ಪನಿಗೆ ಬೇಕಾದದ್ದು ಕತ್ತಿಯಲ್ಲ, ಅರಗಿನ ಎಕ್ಕಡ. ಅದನ್ನು ಮಾಡಿಕೊಟ್ಟವನು ಮಾದಿಗರ ಹರಳಯ್ಯ.

"ಅಂಗಾದ್ರೆ ಮಾದಪ್ಪ ನಮ್ಮೋರತ್ರ ಕೇಳ್ಕೊಂಡು ಬಂದಿದ್ನಾ ಅಪ್ಪ?" ಅಂದೆ. ಲಾರಿಯವರೆಲ್ಲ "ಉಘೇ" ಅಂದರು. ಅಪ್ಪನಿಗೆ ದನಿ ಬರಲಿಲ್ಲ.

ವಾಪಸು ಬರುವಾಗ ಅದೇ ಅಂಗಡಿ ಮುಂದೆ ಲಾರಿ ನಿಂತಿತು. ಅಪ್ಪ ಎಕ್ಕಡ ಮೆಟ್ಟಿಕೊಂಡೇ ಇಳಿದ. ಟೀ ಕೇಳಲಿಲ್ಲ, "ಬುದ್ಧಿ" ಅನ್ನಲಿಲ್ಲ. ಅಂಗಡಿ ಮುಂದೆ ಈ ತುದಿಯಿಂದ ಆ ತುದಿಗೆ ನಡೆದು ಬಂದು ಲಾರಿ ಹತ್ತಿದ. ಅವ್ವನ ಕೈ ನಡುಗುತ್ತಿತ್ತು.

ಆ ಬೆಟ್ಟ 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದೆ. ಹರಳಯ್ಯನ ಕತೆಯನ್ನು ಈಗಲೂ ಹಾಡುತ್ತಾರೆ. ಕತೆ ಕೇಳಿ ಕೈಮುಗಿಯೋರು ಎಕ್ಕಡ ಹೊಲಿದ ಕೈ ಹಿಡಿಯೋದು ಯಾವಾಗ?